ನಾಡಿ ಹಿಡಿಯುವ ದೂರ

ಲ್ಯಾಪ್‌ಟಾಪ್ ಇದ್ದರೆ ಯಾವ ದೇಶದಲ್ಲಿ ಕೂತರೂ ಕೆಲಸ ನಡೆದೀತು ಎಂಬ ಮಾತು ಈಗ ನಮ್ಮ ಭೀಮಸಮುದ್ರದ ಅಡಿಕೆ ಮಂಡಿಯಲ್ಲೂ ಕೇಳಿಸುತ್ತದೆ. ಗುರುಪ್ರಸಾದ್ ಕಾಗಿನೆಲೆಯವರ ‘ಹಿಜಾಬ್’ (2017) ಕಾದಂಬರಿ ಓದಿದವರಿಗೆ ಅದು ಅಷ್ಟು ಸಲೀಸೆನಿಸದು. ಜೆ-1 ವೀಸಾದಲ್ಲಿ ತರಬೇತಿ ಪಡೆದ ವೈದ್ಯರು ಅಮೆರಿಕದಲ್ಲೇ ಉಳಿಯಬೇಕಾದರೆ, ಸಾಮಾನ್ಯವಾಗಿ ವೈದ್ಯರ ಕೊರತೆಯಿರುವ ಕಡೆ 3 ವರ್ಷ ದುಡಿಯಬೇಕು. ಮಿನೆಸೋಟದ ಸಣ್ಣ ಊರಿನ ಇಂಥ ಭಾರತೀಯ ವೈದ್ಯರ ಎದುರು, ಸಿಸೇರಿಯನ್‌ಗೆ ಒಪ್ಪದ ಮುಸ್ಲಿಂ ವಲಸಿಗ ಗರ್ಭಿಣಿಯರನ್ನು ಕಾದಂಬರಿ ನಿಲ್ಲಿಸುತ್ತದೆ. ಇಬ್ಬರೂ ಪರದೇಶಿಗಳೇ, ಒಬ್ಬರು ಬಯಸಿ ಬಂದವರು, ಇನ್ನೊಬ್ಬರು ಓಡಿ ಬಂದವರು. ಈ ಅಂತರವನ್ನು ಲೇಖಕರು ಮುಚ್ಚಿಡುವುದಿಲ್ಲ. ಆದರೆ ಆ ಹೆಂಗಸರನ್ನು ನಾವು ಹೆಚ್ಚಾಗಿ ವೈದ್ಯರ ಕಣ್ಣಿನಿಂದಲೇ ಕಾಣುತ್ತೇವೆ. ಸ್ವತಃ ಮಿನೆಸೋಟದಲ್ಲಿ ವೈದ್ಯರಾಗಿರುವ ಕಾಗಿನೆಲೆಯವರು ಅಲ್ಲಿಂದಲೇ ಕನ್ನಡದಲ್ಲಿ ಬರೆಯುತ್ತಾರೆ. ಬರವಣಿಗೆ ದೂರದಿಂದ ನಡೆದೀತು. ನಾಡಿ ಹಿಡಿಯಲು ಪಕ್ಕದಲ್ಲೇ ಕೂರಬೇಕು. ಆ ಹೆಂಗಸರ ಪಕ್ಕ ಇನ್ನಷ್ಟು ಹೊತ್ತು ಕೂತಿದ್ದರೆ ಈ ಒಳ್ಳೆಯ ಕಾದಂಬರಿ ಇನ್ನೂ ದೊಡ್ಡದಾಗುತ್ತಿತ್ತು.