ಭೇರಿ ಬಾರಿಸಿದವನೂ ಬಾಗಿಲಲ್ಲಿ ನಿಂತವನೂ

ಬೆಂಗಳೂರಿನ ವೈಯಾಲಿಕಾವಲ್‌ಗೆ ಹೊಂದಿಕೊಂಡಿರುವ ಚೌಡಯ್ಯ ಸ್ಮಾರಕ ಭವನದಲ್ಲಿ ಕಚೇರಿ ಮುಗಿದ ಮೇಲೆ ನಾಲ್ಕಾರು ಹಿರಿಯ ರಸಿಕರು ಗೇಟಿನ ಬಳಿ ನಿಂತು ಆ ದಿನದ ಗಾಯನದ ಗುಣದೋಷಗಳನ್ನು ಚರ್ಚಿಸುವುದುಂಟು. ಪಕ್ಕದಲ್ಲಿ ನಿಂತು ಕೇಳುತ್ತಿರುವ ಅಪರಿಚಿತನಿಗೂ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಹೇಳಬಹುದೆ? ಹೇಳುವುದಾದರೆ ಹೇಗೆ? ಬಸದಿಯ ಪ್ರವಚನ ಸಭೆಗಳಲ್ಲಿಯೂ ಏಳುವ ಪ್ರಶ್ನೆ ಇದೇ. ಇದಕ್ಕೆ ಜೈನ ಪರಂಪರೆಯಲ್ಲಿ ಉತ್ತರವಿದೆ. ಆದರೆ ಆ ಉತ್ತರವನ್ನು ಇಂದು ಹೇಳುತ್ತಿರುವ ಕ್ರಮ ಮಾತ್ರ ವಿಮರ್ಶೆಗೆ ಅರ್ಹವಾಗಿದೆ.

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಪಾರ್ಶ್ವನಾಥ ಬಸದಿಯಲ್ಲಿ, ಕ್ರಿ. ಶ. 1129ರ ಮಲ್ಲಿಷೇಣ ಪ್ರಶಸ್ತಿಯಿದೆ. ಸಮಂತಭದ್ರಾಚಾರ್ಯರು ತಾವೇ ಹೇಳಿಕೊಂಡಂತೆ ರಚಿತವಾದ ಶ್ಲೋಕವೊಂದು ಅದರಲ್ಲಿ ಬರುತ್ತದೆ. ಪಾಟಲಿಪುತ್ರದಲ್ಲಿ ಮೊದಲು ಭೇರಿ ಬಾರಿಸಿದುದು, ಅನಂತರ ಮಾಳವ, ಸಿಂಧು, ಕಾಂಚೀಪುರ ಮುಂತಾದೆಡೆಗಳಲ್ಲಿ ಸಂಚರಿಸಿ ಕರಹಾಟಕಕ್ಕೆ ಬಂದುದು ಅದರ ವಿಷಯ. ವಾದಾರ್ಥಿಯ ಸಂಚಾರವನ್ನು ಹುಲಿಯ ವಿಹಾರಕ್ಕೆ ಹೋಲಿಸುವ ಈ ಶ್ಲೋಕ ಶಾರ್ದೂಲವಿಕ್ರೀಡಿತ ಛಂದಸ್ಸಿನಲ್ಲಿಯೇ ಇದೆ. ಕವಿಯ ಚಮತ್ಕಾರ ಮೆಚ್ಚುವಂಥದು. ಆದರೆ ಆಚಾರ್ಯರಿಗೂ ಈ ಶಾಸನಕ್ಕೂ ನಡುವೆ ಹಲವು ಶತಮಾನಗಳ ಅಂತರವಿದೆ ಎಂಬುದನ್ನು ಮರೆಯಲಾಗದು. ಇದು ದಿನಚರಿಯಲ್ಲ, ಭಕ್ತರ ಸ್ಮರಣೆ.

ಪ್ರವಚನಕಾರರು ಇದನ್ನು ಕೇವಲ ದಿಗ್ವಿಜಯವೆಂದು ವರ್ಣಿಸುತ್ತಾರೆ. ಶ್ರಾವಕರ ಕಿವಿಗೆ ಹುಲಿಯ ಗರ್ಜನೆ ತಲುಪುತ್ತದೆ, ಭೇರಿಯ ಧ್ವನಿ ತಲುಪುವುದಿಲ್ಲ. ಭೇರಿಯನ್ನು ಬಾರಿಸುವವನು ಕದ್ದು ಒಳನುಗ್ಗುವವನಲ್ಲ. ತಾನು ಹೊರಗಿನವನು, ವಾದಕ್ಕಾಗಿ ಬಂದವನು ಎಂದು ಊರೆಲ್ಲ ಕೇಳುವಂತೆ ಸಾರುವವನು. ಸೋಲಿನ ಸಂಭವವನ್ನೂ ಆ ಕ್ಷಣದಲ್ಲಿಯೇ ಅವನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಭೇರಿಯ ಸದ್ದು ಕೇಳಿದ ಮೇಲೆ ಆ ಊರಿನ ಪಂಡಿತರಿಗೂ ಸುಮ್ಮನಿರುವ ಸ್ವಾತಂತ್ರ್ಯವಿಲ್ಲ. ಬಂದವನಿಗೂ ಇದ್ದವರಿಗೂ ಸಮಾನವಾಗಿ ಹೊಣೆ ಹೊರಿಸುವ ಈ ಮರ್ಯಾದೆಯನ್ನು ಬಿಟ್ಟು ಗೆಲುವನ್ನು ಮಾತ್ರ ಕೊಂಡಾಡುವುದು ಆಚಾರ್ಯರಿಗೆ ಸಲ್ಲಿಸುವ ಗೌರವವೇನೂ ಅಲ್ಲ.

ಹರಿಭದ್ರಸೂರಿಗಳ ಕಥೆಗೂ ಇದೇ ಗತಿ. ಎಂಟನೆಯ ಶತಮಾನದ ಈ ವಿದ್ವಾಂಸರು ಶ್ವೇತಾಂಬರ ಪರಂಪರೆಯವರು, ಹುಟ್ಟಿನಿಂದ ಬ್ರಾಹ್ಮಣರು. ಯಾರ ಮಾತು ತನಗೆ ಅರ್ಥವಾಗದೋ ಅವರಿಗೆ ಶಿಷ್ಯನಾಗುವೆನೆಂದು ಪ್ರತಿಜ್ಞೆ ಮಾಡಿದ್ದರಂತೆ. ಒಂದು ದಿನ ಯಾಕಿನೀ ಎಂಬ ಆರ್ಯಿಕೆ ಪಠಿಸುತ್ತಿದ್ದ ಗಾಹೆ ಕಿವಿಗೆ ಬಿತ್ತು, ಅರ್ಥವಾಗಲಿಲ್ಲ, ಬಾಗಿಲಲ್ಲಿ ನಿಂತು ಕೇಳಿದರು. ಆಕೆ ತಮ್ಮ ಗುರುಗಳ ಬಳಿಗೆ ಕಳುಹಿಸಿದರು. ಗರ್ವಭಂಗದ ಕಥೆಯೆಂದು ಇದನ್ನು ಹೇಳುವುದು ವಾಡಿಕೆ. ಆದರೆ ಮುಂದೆ ಹರಿಭದ್ರರು ಮಾಡಿದ್ದೇನು? ತಮ್ಮನ್ನು ಯಾಕಿನೀ ಮಹತ್ತರೆಯ ಧರ್ಮಪುತ್ರನೆಂದು ಕರೆದುಕೊಂಡರು. 'ಷಡ್ದರ್ಶನಸಮುಚ್ಚಯ'ದಲ್ಲಿ ಬೌದ್ಧ, ನ್ಯಾಯ, ಸಾಂಖ್ಯಾದಿ ಮತಗಳನ್ನು ಖಂಡಿಸದೆ, ಆಯಾ ಮತದವರು ಒಪ್ಪುವಂತೆ ನಿರೂಪಿಸಿದರು. ಬೌದ್ಧರ ತರ್ಕಗ್ರಂಥವಾದ 'ನ್ಯಾಯಪ್ರವೇಶ'ಕ್ಕೆ ಟೀಕೆಯನ್ನೇ ಬರೆದರು. 'ಅನೇಕಾಂತಜಯಪತಾಕಾ'ದಲ್ಲಿ ಅವರ ಖಂಡನೆ ತೀಕ್ಷ್ಣವಾಗಿಯೇ ಇದೆ, ನಿಜ. ಆದರೆ ಪರರ ಮಾತನ್ನು ಪರರಂತೆಯೇ ಹೇಳಬಲ್ಲವನ ಖಂಡನೆಗೆ ಇರುವ ಬೆಲೆ ಬೇರೆ.

ಅನೇಕಾಂತದ ಹೆಸರು ಈಗ ಸಭೆಗಳಲ್ಲಿ ಸುಲಭವಾಗಿ ಕೇಳಿಬರುತ್ತದೆ. 'ಅದು ನನ್ನ ದೃಷ್ಟಿ' ಎಂದು ಹೇಳಿ ಓದುವ ಶ್ರಮವನ್ನು ತಪ್ಪಿಸಿಕೊಳ್ಳುವ ಹೊಸಬರಿದ್ದಾರೆ. ಅವರಿಗಿಂತ ಹೆಚ್ಚು ಹಾನಿ ಮಾಡುವವರು, ಎದ್ದು ನಿಂತ ಯುವಕನ ಪ್ರಶ್ನೆಗೆ ಮೊದಲೇ 'ಯಾರ ಮನೆಯವರು? ಯಾವ ಊರು?' ಎಂದು ವಿಚಾರಿಸುವ ಟ್ರಸ್ಟಿನ ಹಿರಿಯರು. ಉತ್ತರ ಹೇಳುವಷ್ಟರಲ್ಲಿ ಆ ಯುವಕನ ಪ್ರಶ್ನೆ ಗಂಟಲಿನಲ್ಲಿಯೇ ಉಳಿಯುತ್ತದೆ. ಮುಂದಿನ ತಿಂಗಳ ಪ್ರವಚನಕ್ಕೆ ಅವನು ಬರುವುದಿಲ್ಲ.

ಭವನದ ಗೇಟಿನ ಬಳಿ ಸಂಗತಿ ಹೀಗಿಲ್ಲ. ತನ್ನ ರಾಗಜ್ಞಾನವನ್ನು ತೋರಿಸಲು ಬಂದವನ ಮಾತಿಗೆ ರಸಿಕರು ತಲೆಯಾಡಿಸಿ ಸುಮ್ಮನಾಗುತ್ತಾರೆ. 'ಈಗ ತಾವು ಹೇಳಿದ ಪ್ರಯೋಗ ಯಾವ ಸಾಲಿನಲ್ಲಿ ಬಂದಿತು, ನನಗೆ ತಿಳಿಯಲಿಲ್ಲ' ಎಂದು ಕೇಳಿದವನಿಗೆ ಅವರಲ್ಲೊಬ್ಬರು ಆ ಸಾಲನ್ನು ಮೆಲುದನಿಯಲ್ಲಿ ಹಾಡಿ ತೋರಿಸುತ್ತಾರೆ. ಉಳಿದವರು ಅರ್ಧ ಹೆಜ್ಜೆ ಸರಿದು ನಿಲ್ಲಲು ಜಾಗ ಕೊಡುತ್ತಾರೆ.