‘ಫೇತ್ ಅಕೋಂಪ್ಲಿ’: ಒಂದು ಶಬ್ದವಿಚಾರ

ಫ್ರೆಂಚಿನ ‘ಫೇತ್ ಅಕೋಂಪ್ಲಿ’ಯ ಪದಗಳೆರಡೂ ಪಾಣಿನೀಯರು ನಿಷ್ಠಾಂತವೆನ್ನುವ ಬಗೆಯವು. ಆದುದರಿಂದ ಅದನ್ನು ‘ಸಿದ್ಧಕಾರ್ಯ’ವೆಂದು ಕನ್ನಡಿಸುವುದು ಸುಲಭವೇ ಹೊರತು ಸಾಧುವಲ್ಲ, ಅಡಿಗೆ ಬೆಂದರೂ ಸಿದ್ಧಕಾರ್ಯವೇ ಸರಿ. ರಾಜತಂತ್ರದಲ್ಲಿ ಇದರ ಬಳಕೆ ಬೇರೆ. 1878ರ ಬರ್ಲಿನ್ ಒಡಂಬಡಿಕೆಯು ಬಾಸ್ನಿಯಾ-ಹರ್ಜೆಗೊವಿನಗಳ ಆಡಳಿತವನ್ನು ಮಾತ್ರ ಆಸ್ಟ್ರಿಯಾ-ಹಂಗೆರಿಗೆ ಕೊಟ್ಟಿದ್ದಿತು; ಒಡೆತನವು ಸುಲ್ತಾನನದಾಗಿಯೇ ಉಳಿದಿದ್ದಿತು. 1908ರಲ್ಲಿ ಆ ರಾಜ್ಯವು ಒಡಂಬಡಿಕೆಗಾರರೆಲ್ಲರ ಸಮ್ಮತಿಗೆ ಕಾಯದೆ ಅವನ್ನು ತನ್ನದಾಗಿಸಿಕೊಂಡಿತು. 1909ರಲ್ಲಿ ಉಳಿದವರು ಒಡಂಬಡಿಕೆಯನ್ನೇ ತಿದ್ದಿ ಸುಮ್ಮನಾದರು. ಕೇಳಬೇಕಾದವರನ್ನು ಕೇಳದೆ, ಹಿಂದೆಗೆಯಲಾಗದಂತೆ ಮುಗಿಸಿ, ಒಪ್ಪುವುದೊಂದನ್ನೇ ಅವರಿಗೆ ಉಳಿಸುವುದು ಈ ಶಬ್ದದ ತಿರುಳು. ‘ಆದದ್ದಾಯಿತು’ ಎಂಬ ಕನ್ನಡದ ಮಾತು ಸಹಿಸಿದವನ ಬಾಯಿಂದ ಬರುವುದು. ಮಾಡಿದವನ ಹವಣಿಕೆ ಅದರಲ್ಲಿ ಕಾಣದು. ‘ಪೂರ್ವಕೃತ’ವೆಂದರೋ ಓದುಗನು ಜನ್ಮಾಂತರದ ಕರ್ಮವನ್ನು ನೆನೆದಾನು. ‘ಅನನುಮತಸಿದ್ಧಿ’ಯೆಂಬುದು ನಾಲಗೆಗೆ ತೊಡಕಾದರೂ ಅರ್ಥಕ್ಕೆ ಹತ್ತಿರವಾದುದು.