ಯಾರು ಯಾರ ಕಡೆಗೆ ತಿರುಗಿದರು?

ನಾಮದೇವ ನಗುತ್ತ ಹಾಡುತ್ತ ಗುಡಿಗೆ ಬಂದ. ಬಟ್ಟೆಗೆ ಅಚ್ಚು ಹಾಕುವ ಜಾತಿಯವನೆಂದು ಒಳಗಿದ್ದವರು ಹಿಡಿದೆಬ್ಬಿಸಿ ಹೊರಗಟ್ಟಿದರು. ಅವನು ಕಂಬಳಿ ಎತ್ತಿಕೊಂಡು ಹಿಂಬದಿಗೆ ಹೋಗಿ ಕುಳಿತು ಹಾಡು ಮುಂದುವರಿಸಿದ. ಗುಡಿಯೇ ಅವನತ್ತ ತಿರುಗಿತು. ಮಹಾರಾಷ್ಟ್ರದಲ್ಲಿ ಈ ಕಥೆಯನ್ನು ಔಂಢಾ ನಾಗನಾಥದ ದೇವಾಲಯಕ್ಕೆ ಸೇರಿಸಿ ಹೇಳುತ್ತಾರೆ. ಸಿಖ್ಖರ ಗುರುಗ್ರಂಥ ಸಾಹಿಬ್‌ನಲ್ಲಿ ಇದು ನಾಮದೇವನದೇ ಪದವಾಗಿ ಉಳಿದಿದೆ. ಉಡುಪಿಯ ಕನಕನ ಕಿಂಡಿಯ ಮುಂದೆ ನಿಂತು ಬಂದ ಕನ್ನಡಿಗರಿಗೆ ಇದರ ಒಳದನಿ ಬಿಡಿಸಿ ಹೇಳಬೇಕಾಗಿಲ್ಲ.

ಗುರುನಾನಕರ ಬಗ್ಗೆಯೂ ಇಂಥದೇ ಕಥೆಯಿದೆ. ಮೆಕ್ಕಾದಲ್ಲಿ ಪವಿತ್ರ ದಿಕ್ಕಿಗೆ ಕಾಲು ಚಾಚಿ ಮಲಗಿದ್ದ ಅವರನ್ನು ಒಬ್ಬ ಒದ್ದು, ಕಾಲು ಹಿಡಿದೆಳೆದನಂತೆ. ಕಾಲು ಸರಿದತ್ತಲೇ ಮೆಕ್ಕಾ ತಿರುಗಿತಂತೆ. ಇದನ್ನು ತಮ್ಮ ‘ವಾರ್’ನಲ್ಲಿ ಹಾಡಿದವರು ಭಾಯಿ ಗುರುದಾಸ್. 1604ರಲ್ಲಿ ಗುರು ಅರ್ಜುನರು ಗುರುಗ್ರಂಥದ ಮೊದಲ ರೂಪವಾದ ಆದಿಗ್ರಂಥವನ್ನು ಸಂಕಲಿಸಿದಾಗ ಅದರ ಲಿಪಿಕಾರರೂ ಗುರುದಾಸರೇ. ಆ ಗ್ರಂಥದಲ್ಲಿ ನಾನಕರ ಜೀವನಕಥೆ ಇಲ್ಲ. ಪದಗಳು ಬಹುಪಾಲು ರಾಗಗಳ ಪ್ರಕಾರ ಜೋಡಣೆಗೊಂಡಿವೆ. ಕಥೆಗೆ ಬೇರೆಯೇ ಮನೆಯಿದೆ, ಅದು ಜನಮ್‌ಸಾಖಿ. ‘ಸಾಖಿ’ ಎಂದರೆ ನಮ್ಮ ‘ಸಾಕ್ಷಿ’ಯೇ. 1733ರ ಬಿ-40 ಎಂಬ ಹಸ್ತಪ್ರತಿ ಇಂಥ ಸಾಖಿಗಳನ್ನು ಚಿತ್ರಗಳ ಸಮೇತ ಹೇಳುತ್ತದೆ. ನಾನಕರ ಪಾದ ತಾಕಿ ಬಂಡೆಯಿಂದ ಸಿಹಿನೀರು ಚಿಮ್ಮಿತೆಂದು ನಂಬುವ ಬೀದರಿನ ನಾನಕ್ ಝಿರಾ ಕೂಡ ಇದೇ ಕಥನದ ಕುಡಿ.

ಚರಿತ್ರಕಾರ ಡಬ್ಲ್ಯು. ಎಚ್. ಮೆಕ್ಲಿಯೋಡ್ 1968ರಲ್ಲಿ ಈ ಸಾಖಿಗಳನ್ನು ಜರಡಿ ಹಿಡಿದಾಗ ಚರಿತ್ರೆಯೆಂದು ಉಳಿದದ್ದು ಅತ್ಯಲ್ಪ. ಆ ಕೆಲಸ ಆಗಲೇಬೇಕಿತ್ತು. ಆದರೆ ಭಕ್ತಿಕಥೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಇಲ್ಲಿ ತಿರುಗಿದವರು ಯಾರು? ನಾಮದೇವನ ಪದದಲ್ಲಿ ಗುಡಿ ತಿರುಗುತ್ತದೆ, ಭಕ್ತ ಇದ್ದಲ್ಲೇ ಇರುತ್ತಾನೆ. ಉಡುಪಿಯಲ್ಲಿ ಕೃಷ್ಣ ತಿರುಗಿದ, ಗೋಡೆ ಬಿರಿಯಿತು. ಕನಕ ಮಾತ್ರ ಹೊರಗೇ ಉಳಿದ.

ಸಂತಕವಿ ರವಿದಾಸನ ಕಥೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ.

ಗುರುಗ್ರಂಥದಲ್ಲಿ ಅವನ ಸುಮಾರು 40 ಪದಗಳಿವೆ. ತನ್ನ ಕುಲದವರು ಇಂದಿಗೂ ಬನಾರಸಿನ ಸುತ್ತ ಸತ್ತ ದನ ಹೊರುತ್ತಾರೆ, ಅಂಥವನಿಗೆ ಈಗ ಬ್ರಾಹ್ಮಣರೇ ಅಡ್ಡಬೀಳುತ್ತಾರೆ ಎಂದು ಅವನು ತಲೆಯೆತ್ತಿ ಹೇಳುತ್ತಾನೆ. ಅನಂತದಾಸನ ‘ಪರ್ಚಯಿ’ಯಲ್ಲಿ, ನಾಭಾದಾಸನ ‘ಭಕ್ತಮಾಲ’ಕ್ಕೆ ಪ್ರಿಯಾದಾಸ 1712ರಲ್ಲಿ ಬರೆದ ಬ್ರಜಭಾಷೆಯ ವ್ಯಾಖ್ಯಾನದಲ್ಲಿ, ಕಥೆ ಬೇರೆ ದಾರಿ ಹಿಡಿಯುತ್ತದೆ. ರಾಣಿಯೊಬ್ಬಳು ಇಟ್ಟ ಔತಣದಲ್ಲಿ ರವಿದಾಸನೊಂದಿಗೆ ಉಣ್ಣಲೊಲ್ಲದ ಬ್ರಾಹ್ಮಣರು ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ. ನೋಡಿದರೆ ಇಬ್ಬಿಬ್ಬರ ನಡುವೆ ಒಬ್ಬೊಬ್ಬ ರವಿದಾಸ! ಪಂಕ್ತಿಭೇದಕ್ಕೆ ಇಷ್ಟು ಕೆಚ್ಚಿನ ಉತ್ತರ ಕೊಟ್ಟ ಕಲ್ಪನೆಗಳು ಕಡಿಮೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಿಂದಿನ ಜನ್ಮದಲ್ಲಿ ಅವನು ಬ್ರಾಹ್ಮಣನಾಗಿದ್ದನಂತೆ. ಚರ್ಮ ಸೀಳಿ ಒಳಗಿನ ಜನಿವಾರ ತೋರಿಸಿದನಂತೆ. ಒಂದೇ ಕಥೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಸಿದುಕೊಂಡಿತು. ಗುಡಿ ಕದಲಲಿಲ್ಲ, ಕವಿಯನ್ನೇ ತಿರುಗಿಸಿದರು.

ಕಥೆಗಾರರ ಋಣ ದೊಡ್ಡದು. ಪದ ಓದಲು ಬಾರದವರ ಮನೆಗೂ ಈ ಸಂತರನ್ನು ಕರೆತಂದವರು ಅವರು. ಆದರೂ ಜನಿವಾರದ ಕಥೆಯನ್ನು ರವಿದಾಸನ ಪದಗಳ ಪಕ್ಕದಲ್ಲಿಟ್ಟೇ ಓದಬೇಕು. ಆಗ ಯಾರು ಯಾರಿಗೆ ಅಂಜಿದರೆಂಬುದು ಕಾಣುತ್ತದೆ.

ಒಪ್ಪದ ಮಾತನ್ನು ಎದುರಿಸುವ ಬೇರೆ ಬಗೆಯೂ ಈ ಪರಂಪರೆಯಲ್ಲೇ ಇದೆ. ಗುರುಗ್ರಂಥದಲ್ಲಿ ಸೂಫಿ ಶೇಖ್ ಫರೀದರ ಶ್ಲೋಕಗಳ ನಡುವೆ ಗುರುಗಳ ಶ್ಲೋಕಗಳೂ ಸೇರಿವೆ. ಪ್ರಿಯನನ್ನು ಸೇರಲು ಮೈಯನ್ನು ಒಲೆಯಂತೆ ಉರಿಸುವೆ ಎನ್ನುತ್ತದೆ ಒಂದು ಶ್ಲೋಕ. ಮೈ ಸುಡಬೇಡ, ಅವನು ಒಳಗೇ ಇದ್ದಾನೆ, ನೋಡು ಎನ್ನುತ್ತದೆ ಅದರ ಬೆನ್ನಿಗೇ ನಾನಕರ ಶ್ಲೋಕ. ಫರೀದರಿಗೆ ಹೊಸ ಕುಲವನ್ನಾಗಲಿ ಹಳೆಯ ಜನ್ಮವನ್ನಾಗಲಿ ಯಾರೂ ಹೊಲಿಯಲಿಲ್ಲ. 1430 ಪುಟಗಳ ಆ ಗ್ರಂಥದಲ್ಲಿ ಇಬ್ಬರ ಮಾತೂ ಇಂದಿಗೂ ಒಂದರ ಕೆಳಗೊಂದು ಇವೆ.